ಸತ್ತ ಟಚ್‌ಪ್ಯಾಡ್‌ಗೆ ನಾನೇ ಡ್ರೈವರ್ ಬರೆಯಬಹುದಾ?

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ಗೆ ಬಿಎಸ್‌ಡಿ ಜಾತಿಯ ಒಂದು ಸಣ್ಣ ಓಪನ್ ಸೋರ್ಸ್ ಓಎಸ್ ಹಾಕಿಕೊಂಡಿದ್ದೇನೆ. ಕೀಬೋರ್ಡ್, ಪರದೆ, ವೈಫೈ ಎಲ್ಲ ಸರಿ ಇವೆ. ಟಚ್‌ಪ್ಯಾಡ್ ಮಾತ್ರ ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಅದೇ ಯಂತ್ರದಲ್ಲಿ ಲಿನಕ್ಸ್ ಬೂಟ್ ಮಾಡಿದರೆ ಎರಡು ಬೆರಳಿನ ಸ್ಕ್ರೋಲ್ ಸಮೇತ ಓಡುತ್ತದೆ. ನನಗೆ ಸಿ ಭಾಷೆ ಚೆನ್ನಾಗಿ ಬರುತ್ತದೆ, ಆದರೆ ಓಎಸ್‌ನ ತಿರುಳಾದ ಕರ್ನಲ್ ಒಳಗೆ ಇದುವರೆಗೆ ಕೈ ಹಾಕಿಲ್ಲ. ಲಿನಕ್ಸ್ ಡ್ರೈವರನ್ನು ಎತ್ತಿ ತಂದು ಇಲ್ಲಿ ಕೂರಿಸಿದರೆ ಆಯ್ತಾ? ಆಗಲ್ಲ ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬರೆಯಬಹುದು. ಆದರೆ ಮೊದಲ ಎರಡು ದಿನ ಒಂದು ಸಾಲು ಕೋಡ್ ಕೂಡ ಬರೆಯಬೇಡಿ.

ಯಾಕೆ ಅಂದರೆ, ಟಚ್‌ಪ್ಯಾಡ್ ಸತ್ತಂತೆ ಕಂಡಾಗ ತಪ್ಪು ಟಚ್‌ಪ್ಯಾಡ್ ಡ್ರೈವರಿನದ್ದೇ ಆಗಿರುವುದು ಕಡಿಮೆ. ಬೆರಳಿಗೂ ಪರದೆ ಮೇಲಿನ ಬಾಣಕ್ಕೂ ನಡುವೆ ಉದ್ದದ ದಾರಿ ಇದೆ. ಫರ್ಮ್‌ವೇರ್ (ಯಂತ್ರದ ಒಳಗೇ ಬರೆದಿಟ್ಟ ಪ್ರೋಗ್ರಾಂ), ಬಸ್ ಕಂಟ್ರೋಲರ್ (ಬಸ್ ಅಂದರೆ ಚಿಪ್‌ಗಳು ಮಾತಾಡುವ ತಂತಿ), ಇಂಟರಪ್ಟ್ ಪಿನ್ (ಸಾಧನ ಪ್ರೊಸೆಸರನ್ನು ಕರೆಯುವ ತಂತಿ), ಎಚ್‌ಐಡಿ ಪದರ (ಮೌಸ್, ಕೀಬೋರ್ಡ್‌ಗಳ ಭಾಷೆ), ಆಮೇಲೆ ಇನ್‌ಪುಟ್ ಪದರ, ಅದರ ಮೇಲೆ ಡೆಸ್ಕ್‌ಟಾಪ್. ಇದರಲ್ಲಿ ಎಲ್ಲಿ ಕಡಿದುಹೋದರೂ ನಿಮಗೆ ಕಾಣುವ ಲಕ್ಷಣ ಒಂದೇ: ಬಾಣ ಅಲ್ಲಾಡಲ್ಲ. ಹಾಗಾಗಿ ನಿಮ್ಮ ನಿಜವಾದ ಕೆಲಸ ದಾರಿ ಎಲ್ಲಿ ಕಡಿದಿದೆ ಅಂತ ಹುಡುಕುವುದು. ಸಿಕ್ಕ ಮೇಲೆ ಬರೆಯಬೇಕಾದ ಕೋಡ್ ಒಂದೊಂದು ಸಲ ಒಂದೇ ಸಾಲು ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ಎಫ್‌ಎನ್ ಕೀ ಜೊತೆ ಟಚ್‌ಪ್ಯಾಡ್ ಆಫ್ ಮಾಡೋ ಕೀ ಒಂದಿರುತ್ತದಲ್ಲ, ಅದು ಒತ್ತಿ ಹೋಗಿದೆಯಾ ನೋಡಿ. ಬಯಾಸ್ ಸೆಟಪ್ ಒಳಗೂ ಒಮ್ಮೆ ಇಣುಕಿ. ನಾನು ಅರ್ಧ ದಿನ ಕಳೆದುಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಈಗ ಲಿನಕ್ಸ್ ಇರುವ ಯುಎಸ್‌ಬಿಯಿಂದ ಬೂಟ್ ಮಾಡಿ. ಪ್ರಾಕ್ ಕೆಳಗೆ ಬಸ್, ಅದರೊಳಗೆ ಇನ್‌ಪುಟ್, ಅದರೊಳಗೆ ಡಿವೈಸಸ್ ಅಂತ ಒಂದು ಫೈಲ್ ಇದೆ. ಅದನ್ನು ತೆರೆದು ಟಚ್‌ಪ್ಯಾಡ್ ಹೆಸರಿನ ಪಕ್ಕ ಬಸ್ ಸಂಖ್ಯೆ ಏನಿದೆ ನೋಡಿ. 0011 ಇದ್ದರೆ ಹಳೇ ಮೌಸ್, ಕೀಬೋರ್ಡ್‌ಗಳ ಪಿಎಸ್/2 ದಾರಿ. 0018 ಇದ್ದರೆ ಐ2ಸಿ, ಅಂದರೆ ಚಿಪ್‌ಗಳ ನಡುವಿನ ಎರಡು ತಂತಿಯ ಬಸ್. 0003 ಇದ್ದರೆ ಯುಎಸ್‌ಬಿ. ಈ ಒಂದು ಸಂಖ್ಯೆ ನಿಮ್ಮ ಮುಂದಿನ ಕೆಲಸವನ್ನೆಲ್ಲ ತೀರ್ಮಾನ ಮಾಡುತ್ತದೆ.

ಪಿಎಸ್/2 ಬಗ್ಗೆ ಜಾಸ್ತಿ ಹೇಳಲ್ಲ. ನಿಮ್ಮದು ಹೊಸ ಲ್ಯಾಪ್‌ಟಾಪ್, ಸದ್ದೇ ಇಲ್ಲ ಅನ್ನುತ್ತಿದ್ದೀರಿ. ಪಿಎಸ್/2 ಆಗಿದ್ದರೆ ಕೊನೇಪಕ್ಷ ಸಾದಾ ಮೌಸ್ ಥರ ಬಾಣವಾದರೂ ಸರಿಯುತ್ತಿತ್ತು. 1987ರಲ್ಲಿ ಐಬಿಎಂ ತಂದ ಆ ಕನೆಕ್ಟರ್ ಡೆಸ್ಕ್‌ಟಾಪ್‌ನಿಂದ ಮಾಯವಾದರೂ ಅದರ ಭಾಷೆ ಲ್ಯಾಪ್‌ಟಾಪ್ ಒಳಗೆ ಇನ್ನೂ ಉಸಿರಾಡುತ್ತಿದೆ. ಟಚ್‌ಪ್ಯಾಡ್ 3 ಬೈಟ್‌ಗಳ ಮೌಸ್ ಮಾತನ್ನೇ ಆಡುತ್ತಾ ಕೂತಿರುತ್ತದೆ. ಗುಟ್ಟಿನ ಸಂಕೇತದಲ್ಲಿ ಬಾಗಿಲು ತಟ್ಟಿದರೆ ಮಾತ್ರ ತನ್ನ ನಿಜರೂಪ ತೋರಿಸುತ್ತದೆ. ಸಿನಾಪ್ಟಿಕ್ಸ್ ಪ್ಯಾಡ್‌ಗೆ ರೆಸೊಲ್ಯೂಷನ್ ಬದಲಿಸುವ ಇ8 ಕಮಾಂಡನ್ನು 4 ಸಲ ಕಳಿಸಬೇಕು. ಪ್ರತಿ ಸಲ 2 ಬಿಟ್ ಮಾತ್ರ ಹೇಳಬಹುದು. ಹೀಗೆ ನಾಲ್ಕು ತುತ್ತಲ್ಲಿ ಒಂದು ಬೈಟ್ ದಾಟಿಸಿ, ಇ9 ಕಮಾಂಡ್‌ನಿಂದ ಸ್ಥಿತಿ ಕೇಳಿದರೆ ಉತ್ತರದ ನಡುವಿನ ಬೈಟ್ ಹೆಕ್ಸ್ (16ರ ಲೆಕ್ಕದ ಸಂಖ್ಯೆ) 47 ಆಗಿರುತ್ತದೆ. ಸಾದಾ ಮೌಸ್‌ಗೆ ಇದೆಲ್ಲ ಅರ್ಥವಿಲ್ಲದ ಗೊಣಗಾಟ, ಹಾಗಾಗಿ ತೊಂದರೆ ಏನೂ ಆಗಲ್ಲ. ಆಲ್ಪ್ಸ್, ಇಲಾನ್ ಪ್ಯಾಡ್‌ಗಳದ್ದೂ ಇದೇ ಕಥೆ, ತಟ್ಟುವ ಸಂಕೇತ ಮಾತ್ರ ಬೇರೆ. ಜಾಣತನದ ಕೆಲಸ ಅಂತ ಮೆಚ್ಚಬೇಕು, ಡ್ರೈವರ್ ಬರೆಯುವವರ ಗೋಳು ಬೇರೆ ವಿಷಯ.

ನಿಮ್ಮದು ಬಹುಶಃ 0018. ಅಂದರೆ ಐ2ಸಿ. ಇದು ಒಳ್ಳೇ ಸುದ್ದಿ. ಇಲ್ಲಿ ಕಂಪನಿಗೊಂದು ಗುಟ್ಟು ಇಲ್ಲ. ಎಚ್‌ಐಡಿ ಅನ್ನೋದು ಯುಎಸ್‌ಬಿ ಮೌಸ್, ಕೀಬೋರ್ಡ್‌ಗಳು ಆಡುವ ಭಾಷೆ. ಅದನ್ನು ಐ2ಸಿ ಮೇಲೆ ಹೇಗೆ ಆಡಬೇಕು ಅಂತ ಮೈಕ್ರೋಸಾಫ್ಟ್ 2012ರಲ್ಲಿ ಒಂದು ನಿಯಮ ಪುಸ್ತಕ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟಿತು. ಲಿನಕ್ಸ್‌ಗೆ ಈ ಡ್ರೈವರ್ ಬಂದದ್ದು 2013ರಲ್ಲಿ, 3.8ನೇ ಆವೃತ್ತಿಯಲ್ಲಿ. ಆ ನಿಯಮ ಪುಸ್ತಕವನ್ನು ಒಂದು ಸಲ ಕೂತು ಪೂರ್ತಿ ಓದಿ. ಓದುವಾಗ ನಿದ್ದೆ ಬರಬಹುದು, ಆದರೆ ಉದ್ದ ಇಲ್ಲ.

ಐ2ಸಿಯಲ್ಲಿ ಒಂದು ತೊಡಕಿದೆ. ಯುಎಸ್‌ಬಿ ಸಾಧನ ತಾನೇ ಎದ್ದು ನಿಂತು 'ನಾನು ಇಂಥವನು' ಅನ್ನುತ್ತದೆ. ಐ2ಸಿ ಸಾಧನ ಹಾಗಲ್ಲ. ಅದು ಯಾವ ವಿಳಾಸದಲ್ಲಿದೆ, ಯಾವ ಪಿನ್‌ನಲ್ಲಿ ಕರೆಯುತ್ತದೆ ಅಂತ ಬೇರೆ ಯಾರಾದರೂ ಹೇಳಬೇಕು. ಹೇಳುವುದು ಎಸಿಪಿಐ ಟೇಬಲ್‌ಗಳು, ಅಂದರೆ ಲ್ಯಾಪ್‌ಟಾಪ್ ಮಾಡಿದವರು ಫರ್ಮ್‌ವೇರ್ ಒಳಗೆ ಬರೆದಿಟ್ಟ ವಿವರ. ಗೊತ್ತಿಲ್ಲ ಅಂತ ಬಸ್ಸಿನ ಎಲ್ಲ ವಿಳಾಸಗಳನ್ನೂ ಸುಮ್ನೆ ತಡಕಾಡೋಕೆ ಹೋಗಬೇಡಿ. ಹಿಂದೆ ಕೆಲವು ಯಂತ್ರಗಳಲ್ಲಿ ಹೀಗೆ ತಡಕಿದ್ದಕ್ಕೇ ಒಳಗಿನ ಇಇಪ್ರಾಮ್ ಅನ್ನೋ ನೆನಪಿನ ಚಿಪ್ ಅಳಿಸಿಹೋಗಿ ಬೂಟ್ ಆಗದೆ ಕೂತದ್ದುಂಟು.

ಎಸಿಪಿಡಂಪ್ ಅನ್ನೋ ಪ್ರೋಗ್ರಾಂನಿಂದ ಟೇಬಲ್ ತೆಗೆದು, ಐಎಎಸ್‌ಎಲ್ ಅನ್ನೋ ಇನ್ನೊಂದರಿಂದ ಓದುವಂತೆ ಮಾಡಿಕೊಳ್ಳಿ. ದೊಡ್ಡ ಫೈಲ್ ಬರುತ್ತದೆ. ಅದರಲ್ಲಿ ಪಿಎನ್‌ಪಿ0ಸಿ50 ಅಂತ ಹುಡುಕಿ. ಅದು ಐ2ಸಿ ಎಚ್‌ಐಡಿ ಸಾಧನಗಳ ಜಾತಿ ಹೆಸರು. ಅದರ ಸುತ್ತಮುತ್ತ ನಿಮಗೆ ಬೇಕಾದ್ದೆಲ್ಲ ಇರುತ್ತದೆ. ಸಿಆರ್‌ಎಸ್ ಅನ್ನೋ ಮೆಥಡ್‌ನಲ್ಲಿ ಐ2ಸಿ ವಿಳಾಸ, ವೇಗ, ಇಂಟರಪ್ಟ್ ಪಿನ್. ವೇಗ ಸಾಮಾನ್ಯವಾಗಿ 400 ಕಿಲೋಹರ್ಟ್ಸ್. ಡಿಎಸ್‌ಎಂ ಅನ್ನೋ ಮೆಥಡ್‌ನ 1ನೇ ಕೆಲಸವನ್ನು ಕರೆದರೆ ಒಂದು ಸಂಖ್ಯೆ ಕೊಡುತ್ತದೆ. ಟಚ್‌ಪ್ಯಾಡ್ ತನ್ನ ಪರಿಚಯಪತ್ರವನ್ನು ಯಾವ ರಿಜಿಸ್ಟರ್‌ನಲ್ಲಿ (ಸಾಧನದ ಒಳಗಿನ, ಸಂಖ್ಯೆ ಇರುವ ಜಾಗ) ಇಟ್ಟಿದೆ ಅಂತ ಹೇಳುವ ಸಂಖ್ಯೆ ಅದು. ಹೆಕ್ಸ್ 1 ಇರಬಹುದು, 20 ಇರಬಹುದು. ಊಹೆ ಬೇಡ, ಕೇಳಿಯೇ ತಿಳಿದುಕೊಳ್ಳಿ.

ಎಡವಿ ಬೀಳುವ ಮೊದಲ ಗುಂಡಿ ಇಲ್ಲೇ ಇದೆ. ಎಸ್‌ಟಿಎ ಅಂತ ಇನ್ನೊಂದು ಮೆಥಡ್ ಇರುತ್ತದೆ, 'ಈ ಸಾಧನ ಇದೆಯಾ?' ಅನ್ನೋ ಪ್ರಶ್ನೆಗೆ ಉತ್ತರ ಕೊಡುವುದು. ಅದು ಕೆಲವೊಮ್ಮೆ ನಿಮ್ಮ ಓಎಸ್ ಯಾವುದು ಅಂತ ನೋಡಿ ಉತ್ತರ ಬದಲಿಸುತ್ತದೆ! ಬೂಟ್ ಆಗುವಾಗ ಫರ್ಮ್‌ವೇರ್ ಕೇಳುತ್ತದೆ, ನೀನು ವಿಂಡೋಸ್‌ನ ಇಂಥ ವರ್ಷದ ಆವೃತ್ತಿಯಾ ಅಂತ. ಹೌದು ಅಂದರೆ ಐ2ಸಿ ಟಚ್‌ಪ್ಯಾಡ್ ತೋರಿಸುತ್ತದೆ. ಇಲ್ಲ ಅಂದರೆ 0 ಕೊಟ್ಟು, ಅಂಥ ಸಾಧನವೇ ಇಲ್ಲ ಅಂತ ಸುಳ್ಳು ಹೇಳುತ್ತದೆ, ಇಲ್ಲಾ ಅದೇ ಪ್ಯಾಡನ್ನು ಪಿಎಸ್/2 ಮೌಸ್ ವೇಷದಲ್ಲಿ ಕಳಿಸುತ್ತದೆ. ಲಿನಕ್ಸ್ ಈ ಪ್ರಶ್ನೆಗೆ ಹೌದು ಅಂತಲೇ ಉತ್ತರ ಕೊಡುತ್ತದೆ, ನಾಚಿಕೆ ಇಲ್ಲದೆ. ಬೇರೆ ದಾರಿಯೂ ಇಲ್ಲ ಬಿಡಿ. ನಿಮ್ಮ ಓಎಸ್‌ನ ಎಸಿಪಿಐ ಭಾಗದಲ್ಲಿ 'ಹೌದು' ಅನ್ನಬೇಕಾದ ಹೆಸರುಗಳ ಪಟ್ಟಿ ಇರುತ್ತದೆ. ಅದು ಹಳೆಯದಾಗಿ ನಿಂತಿದ್ದರೆ, ಒಂದು ಸಾಲು ಸೇರಿಸಿದರೆ ಟಚ್‌ಪ್ಯಾಡ್ ಜೀವ ಪಡೆಯಬಹುದು. ಒಂದೇ ಸಾಲು ಅಂದೆನಲ್ಲ, ಅದು ಇದೇ.

ಸಾಧನ ಎಸಿಪಿಐನಲ್ಲಿ ಕಾಣುತ್ತಿದೆ ಅಂದುಕೊಳ್ಳಿ. ಮುಂದಿನ ಪ್ರಶ್ನೆ, ಅದು ನೇತುಹಾಕಿಕೊಂಡಿರುವ ಐ2ಸಿ ಕಂಟ್ರೋಲರ್ ನಿಮ್ಮ ಕರ್ನಲ್‌ಗೆ ಗೊತ್ತಾ? ಇಂಟೆಲ್, ಎಎಂಡಿ ಎರಡರ ಲ್ಯಾಪ್‌ಟಾಪ್ ಚಿಪ್‌ಗಳಲ್ಲೂ ಡಿಸೈನ್‌ವೇರ್ ಅನ್ನೋ ಒಂದೇ ಮನೆತನದ ಕಂಟ್ರೋಲರ್ ಕೂತಿರುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಡಿಡಬ್ಲ್ಯುಐಐಸಿ, ಫ್ರೀಬಿಎಸ್‌ಡಿಯಲ್ಲಿ ಐಜಿ4 ಅಂತ ಅದರ ಡ್ರೈವರ್‌ಗಳಿವೆ. ಹೊಸ ಪ್ರೊಸೆಸರ್ ಬಂದಾಗ ಒಳಗಿನದು ಹೆಚ್ಚು ಬದಲಾಗದೆ ಪಿಸಿಐ ಬಸ್ಸಿನಲ್ಲಿ ಅದರ ಗುರುತಿನ ಸಂಖ್ಯೆ ಮಾತ್ರ ಹೊಸದಾಗಿರುವುದು ಮಾಮೂಲು. ಬೂಟ್ ಲಾಗ್ ನೋಡಿ. 'ಯಾರೂ ಹಿಡಿದುಕೊಳ್ಳದ ಪಿಸಿಐ ಸಾಧನ' ಅನ್ನೋ ಅರ್ಥದ ಸಾಲು, ಸೀರಿಯಲ್ ಬಸ್ ಹೆಸರಿನ ಪಕ್ಕ ಇದ್ದರೆ, ದಾರಿ ಅಲ್ಲೇ ಕಡಿದಿದೆ.

ಆಮೇಲೆ ಇಂಟರಪ್ಟ್. ನನ್ನ ಅನುಭವದಲ್ಲಿ ತಲೆ ತಿನ್ನುವುದು ಇದೇ. ಬೆರಳು ಇಟ್ಟಾಗ ಟಚ್‌ಪ್ಯಾಡ್ ಒಂದು ತಂತಿಯನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ, 'ಬಂದು ಓದಿಕೋ' ಅಂತ. ನೀವು ಓದುವ ತನಕ ಬಿಡಲ್ಲ. ಈ ತಂತಿ ಬಹಳ ಸಲ ಜಿಪಿಐಒ ಪಿನ್‌ಗೆ, ಅಂದರೆ ಬೇಕಾದ ಕೆಲಸಕ್ಕೆ ಬಳಸಬಹುದಾದ ಚಿಪ್‌ನ ಪಿನ್‌ಗೆ, ಬರುತ್ತದೆ. ಜಿಪಿಐಒ ಪಿನ್‌ಗಳ ನಕ್ಷೆ ಪ್ರತಿ ತಲೆಮಾರಿನ ಚಿಪ್‌ಗೂ ಬೇರೆ. ಆ ನಕ್ಷೆ ನಿಮ್ಮ ಓಎಸ್‌ನಲ್ಲಿ ಇಲ್ಲದಿದ್ದರೆ ಟಚ್‌ಪ್ಯಾಡ್ ಕೂಗುತ್ತಲೇ ಇರುತ್ತದೆ, ಯಾರಿಗೂ ಕೇಳಿಸಲ್ಲ. ತಂತಿಯ ಬಗೆ ತಪ್ಪಾಗಿ ಹೊಂದಿಸಿದರೆ ಇನ್ನೊಂದು ಥರದ ಪೀಡೆ. ಒಂದೋ ಒಂದು ಸಲ ಕರೆದು ಸುಮ್ಮನಾಗುತ್ತದೆ, ಇಲ್ಲಾ ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಕರೆದು ಒಂದು ಕೋರ್ ಪೂರ್ತಿ ತಿಂದುಹಾಕುತ್ತದೆ. ಫ್ಯಾನ್ ಜೋರಾಗಿ ತಿರುಗಿ ಟಚ್‌ಪ್ಯಾಡ್ ಕೆಲಸ ಮಾಡದಿದ್ದರೆ ಇಲ್ಲಿಗೇ ಬನ್ನಿ.

ಇದನ್ನು ದಾಟೋಕೆ ಒಂದು ಉಪಾಯವಿದೆ. ಶುರುವಿನಲ್ಲಿ ಇಂಟರಪ್ಟ್ ಗೋಜಿಗೇ ಹೋಗಬೇಡಿ. ಸೆಕೆಂಡಿಗೆ 60 ಸಲವೋ 100 ಸಲವೋ ನೀವೇ ಹೋಗಿ ಕೇಳಿ. ಉತ್ತರ ಬಂದರೆ ವಿಳಾಸ, ಕಂಟ್ರೋಲರ್, ಎಚ್‌ಐಡಿ ಎಲ್ಲ ಸರಿ ಇವೆ, ತಂತಿ ಒಂದೇ ಬಾಕಿ ಅಂತ ಖಾತ್ರಿಯಾಗುತ್ತದೆ. ಇದು ಬರೀ ಕಲಿಯುವವರ ಆಟ ಅಲ್ಲ. ಓಪನ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಎರಡೂ ಇಂಟರಪ್ಟ್ ಸಿಗದ ಯಂತ್ರಗಳಲ್ಲಿ ಹೀಗೇ ಕೇಳುತ್ತಾ ನಡೆಸುತ್ತವೆ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚು. ಬಾಣ ಓಡುತ್ತದಲ್ಲ, ಅದು ಮುಖ್ಯ.

ಇಂಟರಪ್ಟ್ ಹಾಕಿದ ಮೇಲೂ ಒಂದು ಎಚ್ಚರ. ಇಂಟರಪ್ಟ್ ಬಂದ ಕ್ಷಣ ಅಲ್ಲೇ ನಿಂತು ಐ2ಸಿ ಓದೋಕೆ ಹೋಗಬೇಡಿ. ಐ2ಸಿ ನಿಧಾನದ ಬಸ್, ಓದುವಾಗ ಕಾಯಬೇಕಾಗುತ್ತದೆ. ಇಂಟರಪ್ಟ್ ಒಳಗೆ ಕಾಯುವಂತಿಲ್ಲ. ಲೈನ್ ತಾತ್ಕಾಲಿಕವಾಗಿ ಮುಚ್ಚಿ, ಓದುವ ಕೆಲಸವನ್ನು ಬೇರೆಯಾಗಿ ಓಡುವ ಒಂದು ಥ್ರೆಡ್‌ಗೆ ಒಪ್ಪಿಸಿ, ಓದಿ ಮುಗಿದ ಮೇಲೆ ಲೈನ್ ತೆರೆಯಿರಿ.

ಈಗ ಟಚ್‌ಪ್ಯಾಡ್ ಜೊತೆ ಮೊದಲ ಮಾತು. ಡಿಎಸ್‌ಎಂ ಕೊಟ್ಟ ಸಂಖ್ಯೆ ಹೆಕ್ಸ್ 20 ಅಂತಿಟ್ಟುಕೊಳ್ಳಿ. ಬಸ್ ಮೇಲೆ 20 00 ಅಂತ 2 ಬೈಟ್ ಬರೆಯಿರಿ, ಸಣ್ಣ ಬೈಟ್ ಮೊದಲು. ತಿರುಗಿ 30 ಬೈಟ್ ಓದಿ. 1ಇ 00 00 01 ಅಂತ ಶುರುವಾದರೆ ಎದ್ದು ಒಂದು ಸುತ್ತು ನಡೆದು ಬನ್ನಿ, ಅರ್ಧ ಯುದ್ಧ ಗೆದ್ದಿದ್ದೀರಿ. 1ಇ ಅಂದರೆ 30, ಪರಿಚಯಪತ್ರದ ಉದ್ದ. 00 01 ಅಂದರೆ 1.00ನೇ ಆವೃತ್ತಿ. ಉಳಿದದ್ದರಲ್ಲಿ ಕಮಾಂಡ್ ಯಾವ ರಿಜಿಸ್ಟರ್‌ಗೆ ಬರೆಯಬೇಕು, ವರದಿ ಎಲ್ಲಿಂದ ಓದಬೇಕು, ಒಂದು ವರದಿ ಅತಿ ಹೆಚ್ಚು ಅಂದರೆ ಎಷ್ಟು ಬೈಟ್, ಮಾಡಿದವರು ಯಾರು ಅಂತೆಲ್ಲ ಇರುತ್ತದೆ.

ಪವರ್ ಆನ್ ಮಾಡಿ, ರೀಸೆಟ್ ಕಮಾಂಡ್ ಕೊಡಿ. ರೀಸೆಟ್ ಆದ ಮೇಲೆ ಟಚ್‌ಪ್ಯಾಡ್ ತಂತಿ ಎಳೆದು 00 00 ಅಂತ 2 ಬೈಟ್ ಕೊಡುತ್ತದೆ. ಮೊದಲ ಸಲ ಇದನ್ನು ನೋಡಿ ಓದುವುದರಲ್ಲೇ ಏನೋ ತಪ್ಪಾಗಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಐ2ಸಿ ಕೋಡ್ ಕೆದಕಿದ್ದೆ. ತಪ್ಪೇನೂ ಇರಲಿಲ್ಲ. ರೀಸೆಟ್ ಮುಗೀತು ಅಂತ ಹೇಳುವ ರೀತಿಯೇ ಅದು, ಪುಸ್ತಕದಲ್ಲೂ ಇತ್ತು. ನಾನು ಆ ಪುಟ ಹಾರಿಸಿದ್ದೆ.

ಇಷ್ಟಾದ ಮೇಲೆ ವರದಿ ವಿವರಣೆ ಓದಬೇಕು. ಇದು ಎಚ್‌ಐಡಿಯ ಜೀವಾಳ. ವರದಿಯ ಎಷ್ಟನೇ ಬಿಟ್‌ನಲ್ಲಿ ಏನಿದೆ ಅಂತ ಟಚ್‌ಪ್ಯಾಡ್ ತಾನೇ ಹೇಳುವ ಪುಟ್ಟ ವ್ಯಾಕರಣ. ಹೊಸಬರು ಮಾಡುವ ದೊಡ್ಡ ತಪ್ಪು, ತಮ್ಮ ಪ್ಯಾಡ್‌ನ ವರದಿ ನೋಡಿ 'ಎಕ್ಸ್ ಇರೋದು 4ನೇ ಬೈಟ್‌ನಲ್ಲಿ' ಅಂತ ಕೋಡ್‌ನಲ್ಲಿ ಕಲ್ಲಲ್ಲಿ ಕೆತ್ತಿದಂತೆ ಬರೆದುಬಿಡುವುದು. ನಿಮ್ಮ ಯಂತ್ರದಲ್ಲಿ ಓಡುತ್ತದೆ. ಪಕ್ಕದವರ ಯಂತ್ರದಲ್ಲಿ ಬಾಣ ಹುಚ್ಚು ಕುಣಿತ ಕುಣಿಯುತ್ತದೆ. ನಿಮ್ಮ ಓಎಸ್‌ನಲ್ಲಿ ಯುಎಸ್‌ಬಿ ಮೌಸ್‌ಗಾಗಿ ಈ ವ್ಯಾಕರಣ ಬಿಡಿಸುವ ಎಚ್‌ಐಡಿ ಪಾರ್ಸರ್ ಆಗಲೇ ಇರುತ್ತದೆ, ಅದನ್ನೇ ಬಳಸಿ.

ಈ ಹಂತ ದಾಟಿದರೆ ಬಾಣ ಓಡುತ್ತದೆ. ಖುಷಿಯಾಗುತ್ತದೆ. ಆದರೆ ಎರಡು ಬೆರಳಿಟ್ಟರೆ ಏನೂ ಆಗಲ್ಲ. ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ಕಾರಣ ಸಣ್ಣದು. 2013ರಲ್ಲಿ ವಿಂಡೋಸ್ 8.1 ಜೊತೆ ಬಂದ ಪ್ರಿಸಿಷನ್ ಟಚ್‌ಪ್ಯಾಡ್ ನಿಯಮದ ಪ್ರಕಾರ, ಟಚ್‌ಪ್ಯಾಡ್ ಎದ್ದಾಗ ಮೌಸ್ ವೇಷದಲ್ಲೇ ಏಳುತ್ತದೆ. ಹಳೇ ಓಎಸ್‌ಗಳಿಗೂ ಬಯಾಸ್‌ಗೂ ಬಾಣವಾದರೂ ಸಿಗಲಿ ಅಂತ. ನೀವು 'ನನಗೆ ಬೆರಳುಗಳ ಲೆಕ್ಕ ಬೇಕು' ಅಂತ ಕೇಳಬೇಕು. ವರದಿ ವಿವರಣೆಯಲ್ಲಿ ಡಿಜಿಟೈಸರ್ ಪುಟದ ಹೆಕ್ಸ್ 52ನೇ ಬಳಕೆ (ಯೂಸೇಜ್) ಅಂತ ಒಂದು ಇರುತ್ತದೆ, ಇನ್‌ಪುಟ್ ಮೋಡ್. ಅದಕ್ಕೆ 3 ಬರೆಯಿರಿ. 0 ಅಂದರೆ ಮೌಸ್, 3 ಅಂದರೆ ಟಚ್‌ಪ್ಯಾಡ್. ಅಷ್ಟೇ. ಒಂದು ಸಂಖ್ಯೆ ಬರೆದದ್ದಕ್ಕೆ 5 ಬೆರಳಿನ ಪ್ಯಾಡ್ ಸಿಗುತ್ತದೆ.

ಅದರ ಹತ್ತಿರವೇ ಇನ್ನೂ 2 ಸ್ವಿಚ್ ಇರುತ್ತವೆ, ಹೆಕ್ಸ್ 57 ಮತ್ತು 58. ಬೆರಳಿನ ವರದಿ ಕೊಡಬೇಕಾ, ಬಟನ್ ವರದಿ ಕೊಡಬೇಕಾ ಅಂತ. ಎರಡೂ 1 ಇರಲಿ. ಇನ್ನೊಂದು ವಿಚಿತ್ರ ಕೇಳಿ. ಈ ಪ್ಯಾಡ್‌ಗಳ ಒಳಗೆ ಮೈಕ್ರೋಸಾಫ್ಟ್ ಕೊಟ್ಟ 256 ಬೈಟ್‌ಗಳ ಒಂದು ಪ್ರಮಾಣಪತ್ರ ಇರುತ್ತದೆ. ನಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಕೆಲವು ಸಾಧನಗಳು ಯಾರಾದರೂ ಅದನ್ನು ಒಂದು ಸಲ ಓದುವ ತನಕ ಪೂರ್ತಿ ಬಾಯಿ ಬಿಡಲ್ಲ. ಹಾಗಾಗಿ ಲಿನಕ್ಸ್ ಡ್ರೈವರ್ ಅದನ್ನು ಓದಿ, ಬಿಸಾಕಿ, ಮುಂದೆ ಹೋಗುತ್ತದೆ. ನೀವೂ ಹಾಗೇ ಮಾಡಿ.

ಈಗ ಒಂದು ಬೆರಳಿನ ಮಾತನ್ನು ಹತ್ತಿರದಿಂದ ನೋಡೋಣ. ಮೊದಲ 2 ಬೈಟ್ ಉದ್ದ, ಆಮೇಲೆ ವರದಿ ಸಂಖ್ಯೆ. ಅದಾದ ಮೇಲೆ ಹೀಗೆ ಬಂತು ಅಂತಿಟ್ಟುಕೊಳ್ಳಿ: 03 58 02 90 01. ಇದು ಬರೀ ಉದಾಹರಣೆ, ನಿಮ್ಮ ಪ್ಯಾಡ್‌ನ ವ್ಯಾಕರಣ ಬೇರೆ ಇರಬಹುದು. 03ರಲ್ಲಿ ಕೆಳಗಿನ 2 ಬಿಟ್ ಹೊತ್ತಿವೆ. ಒಂದು, 'ಇದು ಬೆರಳೇ, ಅಂಗೈ ಅಲ್ಲ' ಅನ್ನುವ ಭರವಸೆ. ಇನ್ನೊಂದು, 'ಬೆರಳು ಇನ್ನೂ ಮುಟ್ಟಿಕೊಂಡಿದೆ'. 58 02ನ್ನು ತಿರುಗಿಸಿ ಓದಿದರೆ ಹೆಕ್ಸ್ 0258, ಅಂದರೆ 600. 90 01 ಅಂದರೆ 400. 600 ಏನು? ಅದು ಪಿಕ್ಸೆಲ್ ಅಲ್ಲ, ಮಿಲಿಮೀಟರೂ ಅಲ್ಲ. ವಿವರಣೆಯಲ್ಲಿ ಎಕ್ಸ್ ಗರಿಷ್ಠ 3000, ಪ್ಯಾಡ್ ಅಗಲ 100 ಮಿ.ಮೀ. ಅಂತ ಇದ್ದರೆ ಮಿಲಿಮೀಟರಿಗೆ 30. ಅಂದರೆ ಬೆರಳು ಎಡ ಅಂಚಿನಿಂದ 20 ಮಿ.ಮೀ. ದೂರ, ಮೇಲಿನಿಂದ 13 ಚಿಲ್ಲರೆ.

ಈ ಮಿಲಿಮೀಟರ್ ಲೆಕ್ಕ ಸರಿಯಾಗಿ ಮೇಲಕ್ಕೆ ಕಳಿಸುವುದು ಮುಖ್ಯ. ಇದು ತಪ್ಪಿದರೆ ಬಾಣದ ವೇಗ ಒಂದು ಯಂತ್ರದಲ್ಲಿ ಬಸವನಹುಳು, ಇನ್ನೊಂದರಲ್ಲಿ ಮಿಂಚು. ವಿವರಣೆಯಲ್ಲಿ ಅಳತೆ ಸೆಂಟಿಮೀಟರೋ ಇಂಚೋ ಅಂತ ಒಂದು ಕಡೆ, 10ರ ಎಷ್ಟನೇ ಘಾತ ಅಂತ ಇನ್ನೊಂದು ಕಡೆ ಇರುತ್ತದೆ. ಘಾತ ಮರೆತರೆ 100 ಪಟ್ಟು ಎಡವಟ್ಟು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಪ್ಯಾಡನ್ನು ನಿಜವಾಗಿ ಅಳೆದು ತಾಳೆ ನೋಡಿ. ತಮಾಷೆ ಅಲ್ಲ, ಎಲ್ಲರೂ ಮಾಡುವುದು ಅದನ್ನೇ.

ಬಹು ಬೆರಳು ಇಟ್ಟಾಗ ಇನ್ನೊಂದು ಮೋಸ ಕಾದಿದೆ. ಕೆಲವು ಪ್ಯಾಡ್‌ಗಳ ಒಂದು ವರದಿಯಲ್ಲಿ ಎಲ್ಲ ಬೆರಳಿಗೂ ಜಾಗ ಇರಲ್ಲ. 4 ಬೆರಳಿದ್ದರೆ ಎರಡು, ಮೂರು ವರದಿಗಳಾಗಿ ಒಡೆದು ಕಳಿಸುತ್ತವೆ. ಮೊದಲನೆಯದರಲ್ಲಿ ಬೆರಳಿನ ಸಂಖ್ಯೆ 4 ಅಂತಿರುತ್ತದೆ, ಮುಂದಿನದರಲ್ಲಿ 0. ಆ 0 ನೋಡಿ ಎಲ್ಲ ಬೆರಳೂ ಎತ್ತಿಬಿಟ್ಟರು ಅಂದುಕೊಂಡರೆ ಸ್ಕ್ರೋಲ್ ನಡುನಡುವೆ ಜಿಗಿಯುತ್ತದೆ. ಅದು 'ಹಿಂದಿನದರ ಮುಂದುವರಿಕೆ' ಅನ್ನುವ 0. ಎರಡರಲ್ಲೂ ಸಮಯದ ಗುರುತು ಒಂದೇ ಇರುತ್ತದೆ, ಅದರಿಂದ ಪತ್ತೆ ಮಾಡಿ.

ಇಲ್ಲಿ ಒಂದು ಸಲಹೆ, ಇದರಲ್ಲಿ ನಾನು ಹಟಮಾರಿ. ಸ್ಕ್ರೋಲ್, ಟ್ಯಾಪ್, ಅಂಗೈ ಪತ್ತೆ, ಮೂರು ಬೆರಳಿನ ಆಟ, ಇದ್ಯಾವುದನ್ನೂ ನಿಮ್ಮ ಡ್ರೈವರ್‌ನಲ್ಲಿ ಬರೆಯಬೇಡಿ. ಆಸೆ ಆಗುತ್ತದೆ, ನನಗೆ ಗೊತ್ತು. ಎರಡು ಬೆರಳು ಒಟ್ಟಿಗೆ ಕೆಳಗೆ ಹೋದರೆ ಚಕ್ರ ತಿರುಗಿಸು ಅಂತ 20 ಸಾಲಲ್ಲಿ ಬರೆಯಬಹುದು ಅನ್ನಿಸುತ್ತದೆ. ಆಮೇಲೆ ಒಬ್ಬರಿಗೆ ಉಲ್ಟಾ ದಿಕ್ಕು ಬೇಕು, ಇನ್ನೊಬ್ಬರು ಟೈಪ್ ಮಾಡುವಾಗ ಬಾಣ ಹಾರುತ್ತದೆ ಅಂತಾರೆ, ಆ 20 ಸಾಲು 2000 ಆಗುತ್ತದೆ. ಡ್ರೈವರಿನ ಕೆಲಸ ಒಂದೇ. ಯಾವ ಬೆರಳು, ಎಲ್ಲಿ, ಮುಟ್ಟಿದೆಯೋ ಬಿಟ್ಟಿದೆಯೋ, ಬಟನ್ ಒತ್ತಿದೆಯೋ ಇಲ್ಲವೋ. ಅರ್ಥ ಹಚ್ಚುವವರು ಮೇಲಿದ್ದಾರೆ. ಲಿನಕ್ಸ್‌ನಲ್ಲಿ ಅದು ಲಿಬ್‌ಇನ್‌ಪುಟ್, ಫ್ರೀಬಿಎಸ್‌ಡಿಯಲ್ಲೂ ಅದನ್ನೇ ಬಳಸಬಹುದು. ಓಪನ್‌ಬಿಎಸ್‌ಡಿಯಲ್ಲಿ ಕರ್ನಲ್ ಒಳಗೇ ಇದೆ, ಆದರೆ ಅಲ್ಲೂ ಡ್ರೈವರ್‌ನಲ್ಲಿ ಅಲ್ಲ. ಎಲ್ಲ ಪ್ಯಾಡ್‌ಗಳಿಗೂ ಸೇರಿ ಒಂದೇ ಜಾಗದಲ್ಲಿ, ಡಬ್ಲ್ಯುಎಸ್‌ಮೌಸ್ ಅನ್ನೋ ಪದರದಲ್ಲಿ. ನಿಮ್ಮ ಓಎಸ್‌ನಲ್ಲಿ ಆ ಪದರ ಎಲ್ಲಿದೆ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಇಲ್ಲವೇ ಇಲ್ಲ ಅಂದರೆ, ಅದು ಬೇರೆಯೇ ಕೆಲಸ, ದೊಡ್ಡದು.

ಲಿನಕ್ಸ್ ಡ್ರೈವರ್ ಎತ್ತಿ ತರಬಹುದಾ ಅಂತ ಕೇಳಿದ್ದಿರಿ. ಬೇಡ. ಎರಡು ಕಾರಣ. ಲಿನಕ್ಸ್ ಕರ್ನಲ್ ಇರುವುದು ಜಿಪಿಎಲ್ ಲೈಸೆನ್ಸ್‌ನ 2ನೇ ಆವೃತ್ತಿಯಲ್ಲಿ. ಬಿಎಸ್‌ಡಿ ಲೈಸೆನ್ಸ್ ಇರುವ ಮನೆಗೆ ಆ ಕೋಡ್ ತಂದರೆ ನಿಮ್ಮ ಪ್ಯಾಚನ್ನು (ಕಳಿಸಿದ ಬದಲಾವಣೆಯನ್ನು) ಅವರು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಎರಡನೆಯದು, ಆ ಕೋಡ್ ಲಿನಕ್ಸ್‌ನ ಒಳಗಿನ ಪದರಗಳಿಗೆ ಹೊಲಿದಂತಿದೆ, ಬಿಚ್ಚಿ ತರುವ ಹೊತ್ತಿಗೆ ಹೊಸದು ಬರೆಯಬಹುದು. ಓದುವುದಕ್ಕೆ ಅಡ್ಡಿ ಇಲ್ಲ. ಯಾವ ಪ್ಯಾಡ್‌ಗೆ ಏನು ವಿಚಿತ್ರ ಕಾಯಿಲೆ ಇದೆ ಅನ್ನೋ ಮಾಹಿತಿ ಅಲ್ಲಿರುವಷ್ಟು ಎಲ್ಲೂ ಇಲ್ಲ. ಆ ಸಂಗತಿ ತಿಳಿದುಕೊಳ್ಳಿ, ಸಾಲುಗಳನ್ನು ತರಬೇಡಿ. ಕೋಡ್ ತರಲೇಬೇಕು ಅಂದರೆ ಓಪನ್‌ಬಿಎಸ್‌ಡಿಯ ಐಎಚ್‌ಐಡೆವ್, ಐಎಂಟಿ ಡ್ರೈವರ್‌ಗಳನ್ನು ನೋಡಿ, ಇಲ್ಲಾ ಫ್ರೀಬಿಎಸ್‌ಡಿಯ ಐಐಸಿಎಚ್‌ಐಡಿ, ಎಚ್‌ಎಂಟಿ. ಎಚ್‌ಎಂಟಿ ಫ್ರೀಬಿಎಸ್‌ಡಿ 13.0ರಲ್ಲಿ, 2021ರಲ್ಲಿ ಬಂದದ್ದು. ಅವು ನಿಮ್ಮ ಓಎಸ್‌ಗೆ ಹತ್ತಿರದ ನೆಂಟರು, ಲೈಸೆನ್ಸ್ ತಕರಾರಿಲ್ಲ. ಬರೆದವರ ಹೆಸರು, ಹಕ್ಕಿನ ಸಾಲು ಅಳಿಸದೆ ಇಟ್ಟರೆ ಸಾಕು. ನಾನಾಗಿದ್ದರೆ ಓಪನ್‌ಬಿಎಸ್‌ಡಿಯದ್ದರಿಂದ ಶುರು ಮಾಡುತ್ತಿದ್ದೆ. ಚಿಕ್ಕದು, ಓದಿದರೆ ತಲೆಗೆ ಹೋಗುತ್ತದೆ.

ಎಲ್ಲ ಸರಿ ಹೋಯ್ತು, ಪ್ಯಾಚ್ ಕಳಿಸೋಣ ಅನ್ನುವ ಮೊದಲು ಮುಚ್ಚಳ ಮುಚ್ಚಿ ತೆಗೆಯಿರಿ. ನಾನು ಇದನ್ನು ಮಾಡದೆ ಕಳಿಸಿದ್ದೆ. ಒಂದು ವಾರಕ್ಕೆ ದೂರು ಬಂತು, ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ಬಾಣ ಓಡುತ್ತದೆ, ಸ್ಕ್ರೋಲ್ ಆಗಲ್ಲ ಅಂತ. ನನ್ನ ಮೇಜಿನ ಮೇಲೆ ಒಂದು ಸಲವೂ ಹಾಗಾಗಿರಲಿಲ್ಲ. ಯಾಕೆ ಅಂದರೆ ನಾನು ಪ್ರತಿ ಸಲ ಬೂಟ್ ಮಾಡಿಯೇ ಪರೀಕ್ಷೆ ಮಾಡುತ್ತಿದ್ದೆ. ನಿದ್ದೆಯಿಂದ ಎದ್ದ ಟಚ್‌ಪ್ಯಾಡ್ ಎಲ್ಲ ಮರೆತು ಮತ್ತೆ ಮೌಸ್ ವೇಷ ತೊಟ್ಟಿತ್ತು. ಇನ್‌ಪುಟ್ ಮೋಡ್ 3 ಅಂತ ಇನ್ನೊಮ್ಮೆ ಬರೆಯಬೇಕಿತ್ತು. ಎದ್ದ ಕೂಡಲೇ ಪವರ್, ರೀಸೆಟ್, ಮೋಡ್, ಸ್ವಿಚ್, ಎಲ್ಲವನ್ನೂ ಶುರುವಿನಿಂದ ಮಾಡುವ ಒಂದೇ ಫಂಕ್ಷನ್ ಬರೆದಿಡಿ, ಬೂಟ್‌ಗೂ ಅದೇ, ನಿದ್ದೆಗೂ ಅದೇ. ಬೆರಳು ಪ್ಯಾಡ್ ಮೇಲೆ ಇಟ್ಟುಕೊಂಡೇ ಮುಚ್ಚಳ ಮುಚ್ಚಿದರೆ ಏನಾಗುತ್ತದೆ ಅಂತಲೂ ನೋಡಿ. ಎತ್ತಿದ ಸುದ್ದಿ ಬರದೆ ಒಂದು ಬೆರಳು ಒಳಗೆ ಭೂತದಂತೆ ಉಳಿದುಬಿಟ್ಟರೆ, ಆಮೇಲೆ ಪ್ರತಿ ಸಾದಾ ಚಲನೆಯೂ ಸ್ಕ್ರೋಲ್ ಆಗುತ್ತದೆ. ನಿದ್ದೆಗೆ ಹೋಗುವ ಮೊದಲು ಎಲ್ಲ ಬೆರಳೂ ಎತ್ತಿದವು ಅಂತ ಮೇಲಿನವರಿಗೆ ಹೇಳಿಬಿಡಿ.

ಎಷ್ಟು ದಿನ ಹಿಡಿಯಬಹುದು? ಎಸಿಪಿಐ ಪಟ್ಟಿಯೋ ಪಿಸಿಐ ಸಂಖ್ಯೆಯೋ ಕಾರಣವಾದರೆ ಒಂದು ವಾರಾಂತ್ಯ ಸಾಕು. ಜಿಪಿಐಒ ನಕ್ಷೆ ಬರೆಯಬೇಕು ಅಂದರೆ ಚಿಪ್‌ನ ದಾಖಲೆ ಓದಬೇಕು, ಸಂಜೆ ಹೊತ್ತು ಮಾತ್ರ ಕೂತರೆ ಒಂದು ತಿಂಗಳು ಅನ್ನಿ. ಪ್ಯಾಚ್ ಕಳಿಸುವಾಗ ಒಂದು ದೊಡ್ಡ ಗಂಟು ಕಟ್ಟಬೇಡಿ. ಪಿಸಿಐ ಸಂಖ್ಯೆ ಒಂದು ಪ್ಯಾಚ್, ಇಂಟರಪ್ಟ್ ಇನ್ನೊಂದು, ಇನ್‌ಪುಟ್ ಮೋಡ್ ಮತ್ತೊಂದು. ನೋಡುವವರ ಹತ್ತಿರ ನಿಮ್ಮ ಲ್ಯಾಪ್‌ಟಾಪ್ ಇಲ್ಲ, ಅವರಿಗಿರುವುದು ನೀವು ಕೊಟ್ಟ ಸಾಕ್ಷಿ ಮಾತ್ರ. ಹಾಗಾಗಿ ಬೂಟ್ ಲಾಗ್, ಆ 30 ಬೈಟ್, ವರದಿ ವಿವರಣೆ, ಬೆರಳಿಟ್ಟಾಗ ಬಂದ ಹತ್ತು ಹದಿನೈದು ವರದಿಗಳು, ಎಸಿಪಿಐ ಟೇಬಲ್‌ನಲ್ಲಿ ಟಚ್‌ಪ್ಯಾಡ್ ಇರುವ ತುಂಡು, ಇಷ್ಟನ್ನೂ ಜೊತೆಗಿಡಿ. ಪೂರ್ತಿ ಟೇಬಲ್ ಹಾಕುವುದಾದರೆ ಒಮ್ಮೆ ಕಣ್ಣಾಡಿಸಿ, ಕೆಲವು ಯಂತ್ರಗಳಲ್ಲಿ ವಿಂಡೋಸ್ ಲೈಸೆನ್ಸ್ ಕೀ ಕೂಡ ಎಸಿಪಿಐ ಟೇಬಲ್ ಒಂದರಲ್ಲೇ ಕೂತಿರುತ್ತದೆ. ಎಂಎಸ್‌ಡಿಎಂ ಅಂತ ಅದರ ಹೆಸರು. ಅದೊಂದನ್ನು ತೆಗೆದು ಕಳಿಸಿ.